ಮತ್ತೊಬ್ಬರ ಆಸನ

ದೇವಸ್ಥಾನದ ಬಾಗಿಲಲ್ಲಿ ಅವಸರದಿಂದ ಮತ್ತೊಬ್ಬರ ಚಪ್ಪಲಿಯನ್ನು ಮೆಟ್ಟಿಕೊಂಡು ನಾಲ್ಕು ಹೆಜ್ಜೆ ನಡೆದ ಅನುಭವ ಬಹುಮಂದಿಗೆ ಇದ್ದೀತು. ಅಳತೆ ಸರಿಯಾಗಿಯೇ ಇರುತ್ತದೆ, ಬಣ್ಣವೂ ಅದೇ, ಆದರೆ ಹಿಮ್ಮಡಿ ಊರಿದೊಡನೆಯೇ ಇದು ನನ್ನದಲ್ಲವೆಂದು ಪಾದ ಹೇಳಿಬಿಡುತ್ತದೆ. ಆ ಚರ್ಮದಲ್ಲಿ ಯಾರದೋ ಹೆಬ್ಬೆರಳು ತನ್ನ ಗುಳಿಯನ್ನು ತೋಡಿಕೊಂಡಿರುತ್ತದೆ. ಯಾರದೋ ವಾರೆನಡಿಗೆ ಅದರ ಅಂಚನ್ನು ಸವೆಸಿರುತ್ತದೆ. ಚಪ್ಪಲಿಯಾದರೆ ಹಿಂದಿರುಗಿ ಬಿಟ್ಟುಬರಬಹುದು. ನಾನು ಹೀಗೆ ಮೆಟ್ಟಿಕೊಂಡದ್ದು 160 ಕಿಲೋಗ್ರಾಮಿಗೂ ಮಿಕ್ಕ ತೂಕದ ಒಂದು ಮೋಟಾರ್ ಸೈಕಲ್ಲನ್ನು, ಹಣವನ್ನೂ ಕೊಟ್ಟಾಗಿತ್ತು.

2023ರಲ್ಲಿ ನನಗೆ ಹಾಸನಕ್ಕೆ ವರ್ಗವಾಯಿತು. ಹೆಂಡತಿಯ ಉದ್ಯೋಗ ಮೈಸೂರಿನಲ್ಲಿ. ತಾಯಿಗೆ ಊರು ಬಿಡುವ ವಯಸ್ಸಲ್ಲ. ಹೀಗಾಗಿ ಸೋಮವಾರ ನಸುಕಿನಲ್ಲಿ ಹೊರಟು ಶನಿವಾರ ಸಂಜೆ ಹಿಂದಿರುಗುವ ಎರಡೂರಿನ ಸಂಸಾರ ಮೊದಲಾಯಿತು. ಬಿಳಿಕೆರೆ, ಕೃಷ್ಣರಾಜನಗರ, ಭೇರ್ಯ, ಹೊಳೆನರಸೀಪುರಗಳ ಮೇಲೆ ಹಾದುಹೋಗುವ ದಾರಿ ಸುಮಾರು 120 ಕಿಲೋಮೀಟರು. ಬಸ್ಸುಂಟು, ರೈಲೂ ಉಂಟು. ಅವುಗಳ ವೇಳೆ ನನ್ನ ತರಗತಿಗಳ ವೇಳೆಗೆ ಹೊಂದುವುದಿಲ್ಲವೆಂದು ಮನೆಯಲ್ಲಿ ವಾದಿಸಿದೆ. ಅದು ಅರ್ಧ ನಿಜ. ಉಳಿದರ್ಧ, ನಮ್ಮ ತಂದೆಯ ಬಳಿ ಇದ್ದ ಯೆಜ್ದಿ. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ 1961ರಿಂದ ಜಾವಾ ಎಂಬ ಹೆಸರಿನಿಂದಲೂ ಮುಂದೆ 1970ರ ದಶಕದಲ್ಲಿ ಯೆಜ್ದಿ ಎಂಬ ಹೆಸರಿನಿಂದಲೂ ತಯಾರಾಗುತ್ತಿದ್ದ ಆ ಗಾಡಿಗಳು, 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆಯೂ ಎಷ್ಟೋ ವರ್ಷ ನಮ್ಮ ಬೀದಿಗಳ ಸದ್ದಿನಲ್ಲಿ ಸೇರಿಹೋಗಿದ್ದುವು. ಅದರ ಪೆಟ್ರೋಲ್ ಟ್ಯಾಂಕಿನ ಮೇಲೆ, ತಂದೆಯ ಎರಡು ತೋಳುಗಳ ನಡುವೆ ಕುಳಿತು ನಾನು ಪ್ರಪಂಚ ಹಿಂದಕ್ಕೆ ಓಡುವುದನ್ನು ಮೊದಲು ಕಂಡದ್ದು. ನಲವತ್ತು ದಾಟಿದ ಮೇಲೆ ಮನುಷ್ಯನಿಗೆ ಇಂಥ ನೆನಪುಗಳು ಸಾಲ ವಸೂಲಿಯವರಂತೆ ಬಾಗಿಲು ತಟ್ಟುತ್ತವೆ.

ಆದರೆ ಕೊಂಡದ್ದು ಯೆಜ್ದಿಯನ್ನಲ್ಲ. ಒಂಬತ್ತು ವರ್ಷ ಹಳೆಯದಾದ, 250 ಸಿ.ಸಿ.ಯ, ಒಂಟಿ ಸಿಲಿಂಡರಿನ, ಸ್ಪೋರ್ಟ್ ಟೂರಿಂಗ್ ಎಂಬ ಜಾತಿಗೆ ಸೇರಿದ ಗಾಡಿ. ಪಂದ್ಯದ ಗಾಡಿಯಲ್ಲಿ ಸವಾರನು ಟ್ಯಾಂಕಿನ ಮೇಲೆ ಬೋರಲು ಬಿದ್ದಿರುತ್ತಾನೆ. ದೂರದಾರಿಯ ಗಾಡಿಯಲ್ಲಿ ಕುರ್ಚಿಯಲ್ಲಿದ್ದಂತೆ ನೆಟ್ಟಗೆ ಕುಳಿತಿರುತ್ತಾನೆ. ಇದು ಎರಡರ ನಡುವಿನದು: ಸೊಂಟ ತುಸು ಮುಂದಕ್ಕೆ ಬಾಗಬೇಕು, ಕಾಲು ತುಸು ಹಿಂದಕ್ಕೆ ಮಡಿಯಬೇಕು, ಎದೆಯ ಮುಂದೆ ಗಾಳಿಯನ್ನು ಸೀಳುವ ಒಂದು ಹೊದಿಕೆ. ಎರಡು ಪದಗಳೂ ಪ್ರಧಾನವಾಗಿದ್ದರೆ ದ್ವಂದ್ವಸಮಾಸವೆಂದು ತರಗತಿಯಲ್ಲಿ ಹೇಳುತ್ತೇನೆ; ಇದು ಲೋಹದಲ್ಲಿ ಮಾಡಿದ ದ್ವಂದ್ವಸಮಾಸ. ಮಾರಿದವನು ಬೆಂಗಳೂರಿನ ತರುಣ, ಆರಡಿಯ ಆಳು, ಒಳ್ಳೆಯ ಮೈಕಟ್ಟು. ಭಾನುವಾರಗಳಲ್ಲಿ ಗೆಳೆಯನನ್ನೂ ಗಂಟುಮೂಟೆಯನ್ನೂ ಹಿಂದೆ ಹೇರಿಕೊಂಡು ಘಟ್ಟ ಹತ್ತುತ್ತಿದ್ದನಂತೆ. "ಗಾಡಿ ಬೆಣ್ಣೆ ಇದ್ದ ಹಾಗಿದೆ ಸಾರ್" ಎಂದ. ಅವನ ಪಾಲಿಗೆ ಅದು ಸುಳ್ಳೇನೂ ಅಲ್ಲವೆಂದು ಆಮೇಲೆ ತಿಳಿಯಿತು.

ಮೊದಲ ಸೋಮವಾರ ಬಿಳಿಕೆರೆ ದಾಟುವ ಹೊತ್ತಿಗೆ ಮಣಿಕಟ್ಟು ನೋಯತೊಡಗಿತು. ಕೃಷ್ಣರಾಜನಗರದಲ್ಲಿ ಕತ್ತು. ಭೇರ್ಯದ ಬಳಿಗೆ ಬರುವಾಗ ನಾನು ಸೀಟಿನಿಂದ ಜಾರಿ ಜಾರಿ ಟ್ಯಾಂಕಿಗೆ ಒತ್ತಿಕೊಂಡಿದ್ದೆ. ಹೊಳೆನರಸೀಪುರದಲ್ಲಿ ಹೇಮಾವತಿಯ ಸೇತುವೆಯ ಮೇಲೆ ಹೋಗುವಾಗ ನದಿಯನ್ನು ನೋಡಲು ಕತ್ತು ತಿರುಗಲಿಲ್ಲ. ಇಷ್ಟಾದರೂ ಸಹಿಸಬಹುದಾಗಿತ್ತು. ಕಾಲೇಜಿನಲ್ಲಿ ಮೊದಲ ಗಂಟೆಯ ತರಗತಿಗೆ ಹೋಗಿ ಕರಿಹಲಗೆಯ ಮೇಲೆ ಬರೆಯಲು ಕೈಯೆತ್ತಿದೆ. ಬರೆಯುವಾಗ ಹಲಗೆಯ ಮೇಲೆ ಜಾರುತ್ತ ಅಂಗೈಗೆ ಆಸರೆಯಾಗುವುದು ಕಿರುಬೆರಳು. ಆ ಬೆರಳು ಅಲ್ಲಿರುವುದೇ ನನಗೆ ತಿಳಿಯಲಿಲ್ಲ. ಅಕ್ಷರಗಳು ಇಳಿಜಾರಿನಲ್ಲಿ ಉರುಳಿದಂತೆ ಸಾಲುಬಿಟ್ಟು ಕೆಳಗಿಳಿದುವು. ಸೀಮೆಸುಣ್ಣ ಕೈಯಿಂದ ಬಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುಬಂದು ಅದನ್ನು ಎತ್ತಿ ಕೊಟ್ಟಳು. ಅವಳ ಮುಖದಲ್ಲಿದ್ದುದು ನಗೆಯಲ್ಲ, ಕನಿಕರ. ಇಪ್ಪತ್ತು ವರ್ಷ ಪಾಠ ಹೇಳಿದ ಕೈಗೆ ಅದು ಸಣ್ಣ ಪೆಟ್ಟಲ್ಲ.

ವೈದ್ಯರು ಪರೀಕ್ಷಿಸಿ, ಮಣಿಕಟ್ಟಿನ ಕಿರುಬೆರಳ ಪಕ್ಕದಿಂದ ಅಂಗೈಗೆ ಇಳಿಯುವ ಅಲ್ನರ್ ಎಂಬ ನರ ಒತ್ತಡಕ್ಕೆ ಸಿಕ್ಕಿದೆಯೆಂದರು. ಕಿರುಬೆರಳಿಗೂ ಉಂಗುರಬೆರಳಿನ ಅರ್ಧಕ್ಕೂ ಸ್ಪರ್ಶದ ಅರಿವು ಹೋಗುವುದು ಅದರ ಮೂಲಕ. ಒತ್ತುವುದು ನಿಂತರೆ ಸರಿಹೋದೀತು. ನಿಲ್ಲದಿದ್ದರೆ ಬೆರಳಿನ ಬಲವೂ ಕುಗ್ಗೀತು ಎಂದು ಹೇಳಿ, "ಗಾಡಿ ಬೇಕೋ, ಕೈ ಬೇಕೋ ನೀವೇ ಯೋಚಿಸಿ" ಎಂದರು.

ಮನೆಯಲ್ಲಿ ಇದನ್ನು ಮುಚ್ಚಿಟ್ಟೆ. ಅದೇ ಶನಿವಾರ ಧೈರ್ಯ ಪ್ರದರ್ಶನಕ್ಕೆಂದು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೊಳೆನರಸೀಪುರದ ನೆಂಟರ ಮನೆಗೆ ಹೊರಟದ್ದು ನನ್ನ ವಿವೇಕದ ಅಳತೆ. ಕೃಷ್ಣರಾಜನಗರದಲ್ಲಿ ಅವಳು ಇಳಿದು, ಸೀರೆಯ ನೆರಿಗೆ ಸರಿಮಾಡಿಕೊಂಡು, "ರೀ, ನೀವು ಬನ್ನಿ, ನಾನು ಬಸ್ಸಿನಲ್ಲಿ ಬರ್ತೀನಿ" ಎಂದಷ್ಟೇ ಹೇಳಿ ಬಸ್ ನಿಲ್ದಾಣದ ಕಡೆ ನಡೆದಳು. ಜಗಳವಾಡಿದ್ದರೆ ಉತ್ತರ ಕೊಡಬಹುದಾಗಿತ್ತು. ಆ ರಾತ್ರಿ ಊಟ ಬಡಿಸುತ್ತ ತೀರ್ಪು ಕೊಟ್ಟಳು: "ದೀಪಾವಳಿ ಹೊತ್ತಿಗೆ ಇದು ಸರಿಹೋದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಮಾರಿಬಿಡಿ. ನಿಮ್ಮ ಕೈ ನನಗೂ ಕಾಣುತ್ತೆ." ಮುಚ್ಚಿಟ್ಟದ್ದೇನೂ ಮುಚ್ಚಿರಲಿಲ್ಲ.

ವಿದ್ಯಾವಂತರ ಮೊದಲ ಚಿಕಿತ್ಸೆ ಕೊಳ್ಳುವುದು. ನಾನೂ ಕೊಂಡೆ. ಹ್ಯಾಂಡಲನ್ನು 20 ಮಿಲಿಮೀಟರ್ ಎತ್ತರಿಸುವ ಅಲ್ಯೂಮಿನಿಯಂ ತುಂಡುಗಳನ್ನು ತರಿಸಿ, ಅವನ್ನು ಕೂಡಿಸಿಕೊಡಿರೆಂದು ನಮ್ಮ ಬಡಾವಣೆಯ ಮೇಸ್ತ್ರಿಯವರಲ್ಲಿಗೆ ಹೋದೆ. ಅರವತ್ತು ದಾಟಿದವರು, ಮಾತು ಕಡಿಮೆ. ತುಂಡುಗಳನ್ನು ನೋಡಿ ಬದಿಗಿಟ್ಟರು. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ಹೊರಳಿಸಿ, ಬ್ರೇಕಿನ ಕೊಳವೆ ಆಗಲೇ ಎಷ್ಟು ಬಿಗಿಯಾಗಿದೆಯೆಂದು ತೋರಿಸಿದರು. ಇನ್ನೂ ಮೇಲೆತ್ತಿದರೆ ತಿರುವಿನಲ್ಲಿ ಅದು ಜಗ್ಗುತ್ತದೆ. ಬಳಿಕ ನನ್ನನ್ನು ಗಾಡಿಯ ಮೇಲೆ ಕೂರಿಸಿ ಸುತ್ತ ಒಂದು ಪ್ರದಕ್ಷಿಣೆ ಬಂದು, "ಮೇಷ್ಟ್ರೇ, ಇದರ ಮೇಲೆ ಇನ್ನೂ ಹಳೇ ಓನರ್ ಕೂತವ್ರೆ. ಮೊದಲು ಅವರನ್ನ ಇಳಿಸಬೇಕು" ಎಂದರು.

ಇಳಿಸುವ ಕೆಲಸ ಹಿಂದಿನ ಸ್ಪ್ರಿಂಗಿನಿಂದ ಮೊದಲಾಯಿತು. ಹಿಂಚಕ್ರದ ಮೇಲಿನ ಸ್ಪ್ರಿಂಗಿಗೆ ಮೆಟ್ಟಿಲು ಮೆಟ್ಟಿಲಾದ ಒಂದು ಬಳೆ ಇರುತ್ತದೆ. ಅದನ್ನು ತಿರುಗಿಸಿದರೆ ಸ್ಪ್ರಿಂಗು ಮೊದಲೇ ಎಷ್ಟು ಅದುಮಿಕೊಂಡಿರಬೇಕೆಂಬುದು ನಿಶ್ಚಯವಾಗುತ್ತದೆ. ಆ ತರುಣ ಇಬ್ಬರ ಭಾರಕ್ಕೂ ಮೂಟೆಗೂ ಹೊಂದುವಂತೆ ಅದನ್ನು ಕಟ್ಟಕಡೆಯ ಮೆಟ್ಟಿಲಿಗೆ ಏರಿಸಿಟ್ಟಿದ್ದ. ನಾನು 64 ಕಿಲೋಗ್ರಾಮಿನವನು. ಸವಾರ ಕುಳಿತಾಗ ಹಿಂಭಾಗ ತನ್ನ ಒಟ್ಟು ಚಲನೆಯ ಸುಮಾರು ಮೂರನೆಯ ಒಂದು ಭಾಗದಷ್ಟು ಕುಗ್ಗಬೇಕೆಂಬುದು ಬಲ್ಲವರ ಲೆಕ್ಕ. ಚಕ್ರವನ್ನು ನೆಲದಿಂದೆತ್ತಿ ಒಮ್ಮೆ, ನಾನು ಕುಳಿತಾಗ ಒಮ್ಮೆ, ಅಚ್ಚಿನಿಂದ ಸೀಟಿನ ಬಾಲದವರೆಗೆ ಟೇಪು ಹಿಡಿದು ಅಳೆದರು. 30 ಮಿಲಿಮೀಟರ್ ಇಳಿಯಬೇಕಾದ ಗಾಡಿ ನನ್ನಡಿಯಲ್ಲಿ ಇಳಿದದ್ದು ಬರಿಯ 12.

ನನ್ನ ಮಣಿಕಟ್ಟಿನ ನೋವಿಗೂ ಹಿಂಚಕ್ರದ ಸ್ಪ್ರಿಂಗಿಗೂ ಏನು ಸಂಬಂಧವೆಂದು ನಾನು ಕೇಳಿದೆ, ವಾಚಕರೂ ಕೇಳಬಹುದು. ಹಿಂಭಾಗ ಎತ್ತರದಲ್ಲಿ ನಿಂತರೆ ಸೀಟು ಮುಂದಕ್ಕೆ ಓಲುತ್ತದೆ. ಸೀಟು ಓಲಿದರೆ ಮೈ ಟ್ಯಾಂಕಿನ ಕಡೆ ಜಾರುತ್ತದೆ. ಜಾರುವ ಮೈಯನ್ನು ತಡೆದು ನಿಲ್ಲಿಸುವುದಕ್ಕೆ ಇರುವುದು ಎರಡೇ ಅಂಗೈಗಳು. ಹೀಗೆ ಕೈಯ ರೋಗದ ಬೇರು ಬಾಲದಲ್ಲಿತ್ತು. ಮೂರು ಮೆಟ್ಟಿಲು ಇಳಿಸಿದೊಡನೆ ನಾನು ಕುಳಿತಲ್ಲಿಯೇ ಕುಳಿತಿರುವುದು ಸಾಧ್ಯವಾಯಿತು. ಆ ಹೊತ್ತಿನಲ್ಲಿ ನನಗಾದ ಹಿಗ್ಗು, ಅರ್ಥವಾಗದಿದ್ದ ಹಳಗನ್ನಡ ಪದ್ಯವೊಂದರ ಅನ್ವಯ ತಟ್ಟನೆ ಹೊಳೆದಾಗಿನ ಹಿಗ್ಗು. ಕೊನೆಯಲ್ಲಿದ್ದ ಒಂದು ಕ್ರಿಯಾಪದವನ್ನು ಕಂಡೊಡನೆ ಮೊದಲ ಸಾಲಿನ ಸಿಕ್ಕು ಬಿಡುವಂತೆ.

ಎರಡನೆಯದು ಬ್ರೇಕು ಮತ್ತು ಕ್ಲಚ್ಚಿನ ಹಿಡಿಗಳು. ಹಿಂದಿನವನು ಬಾಗಿ ಓಡಿಸುತ್ತಿದ್ದವನಾದ್ದರಿಂದ ಅವು ಹೆಚ್ಚುಕಡಮೆ ನೆಲಕ್ಕೆ ಸಮನಾಗಿ ಚಾಚಿಕೊಂಡಿದ್ದುವು. ನಾನು ಅಷ್ಟು ಬಾಗುವವನಲ್ಲ. ಆದ್ದರಿಂದ ಹಿಡಿಯಲು ಪ್ರತಿಸಲವೂ ಮಣಿಕಟ್ಟನ್ನು ಮೇಲಕ್ಕೆ ಮುರಿಯಬೇಕಾಗಿತ್ತು. ಕಣ್ಣು ಮುಚ್ಚಿ ಹ್ಯಾಂಡಲ್ ಹಿಡಿದು ಬೆರಳುಗಳನ್ನು ಚಾಚಿರೆಂದರು. ಮೊಳಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆಯಾಗುವಂತೆ, ಬ್ರೇಕಿನ ಎಣ್ಣೆಯ ಕುಡಿಕೆ ಓರೆಯಾಗದಷ್ಟು ಮಟ್ಟಿಗೆ, ಹಿಡಿಗಳನ್ನು ತುಸು ಕೆಳಕ್ಕೆ ತಿರುಗಿಸಿ ಬಿಗಿದರು. ಹತ್ತು ನಿಮಿಷದ ಕೆಲಸ, ಹಣ ತೆಗೆದುಕೊಳ್ಳಲಿಲ್ಲ.

ಟೈರುಗಳ ಮಾತು ಬೇಗ ಮುಗಿಯಿತು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕೆಗಳ ಒಂದು ಮುದ್ರೆ ಇರುತ್ತದೆ: ಮೊದಲ ಎರಡು ವಾರ, ಕಡೆಯ ಎರಡು ವರ್ಷ. ನನ್ನವು 2316, ಎಂದರೆ 2016ನೆಯ ಇಸವಿಯ 23ನೆಯ ವಾರದವು. ಎಳೆ ಇನ್ನೂ ಇತ್ತು, ಆದರೆ ರಬ್ಬರು ಒಣಗಿ ಮರವಾಗಿತ್ತು. ಬದಲಾಯಿಸಿ, ಗಾಡಿಯ ಮೇಲೆಯೇ ಅಂಟಿಸಿದ್ದ ಚೀಟಿಯಲ್ಲಿ ಹೇಳಿದಷ್ಟೇ ಗಾಳಿ ತುಂಬಿಸಿದೆ. ಹಣ ಹೆಚ್ಚು ಖರ್ಚಾದದ್ದು ಇಲ್ಲಿಯೇ.

ಗಾಳಿಯಿಂದ ರಕ್ಷಿಸುವ ಮುಂದಿನ ಗಾಜು ನನಗೆ ಕಲಿಸಿದ ಪಾಠ ವಿಚಿತ್ರವಾದುದು. ಆ ತರುಣ ಅಲ್ಲಿ ತನ್ನ ಎತ್ತರಕ್ಕೆ ಹೊಂದುವ ಉದ್ದನೆಯ ಗಾಜನ್ನು ಹಾಕಿಸಿದ್ದ. ಉದ್ದವಾದಷ್ಟೂ ಒಳ್ಳೆಯದೆಂದೇ ನನ್ನ ನಂಬಿಕೆ. ಆದರೆ ಗಂಟೆಗೆ 70 ಕಿಲೋಮೀಟರ್ ದಾಟಿದೊಡನೆ ಗಾಜಿನ ಅಂಚಿನಲ್ಲಿ ಒಡೆದ ಗಾಳಿ ಸುಳಿಸುಳಿಯಾಗಿ ಬಂದು ಸರಿಯಾಗಿ ನನ್ನ ಹೆಲ್ಮೆಟ್ಟಿಗೆ ಗುದ್ದುತ್ತಿತ್ತು. ಕತ್ತಿನ ನೋವು ಅದರದ್ದು. ಪೆಡಲುಗಳ ಮೇಲೆ ಒಂದಿಷ್ಟು ಎದ್ದು ನಿಂತು ನೋಡಿದೆ. ಮೇಲಿನ ಗಾಳಿ ಬಲವಾಗಿದ್ದರೂ ನಯವಾಗಿ ಹರಿಯುತ್ತಿತ್ತು. (ಈ ಪೆಡಲುಗಳನ್ನು ಕಂಡಾಗಲೆಲ್ಲ ಅಂಕವಣಿಯೆಂಬ ನಮ್ಮ ಹಳೆಯ ಮಾತನ್ನು ಇವಕ್ಕೆ ಕೊಟ್ಟುಬಿಡಬಾರದೇಕೆ ಎನ್ನಿಸುತ್ತದೆ, ಕುದುರೆಗಳು ಹೋದ ಮೇಲೆ ಆ ಪದ ಬಹಳ ಕಾಲದಿಂದ ಕಾಲಿಲ್ಲದೆ ನಿಂತಿದೆ.) ಕಂಪನಿಯ ಮೂಲ ಗಿಡ್ಡ ಗಾಜನ್ನೇ ಹುಡುಕಿ ಹಾಕಿಸಿದೆ. ಈಗ ಗಾಳಿ ಎದೆಗೆ ಬರುತ್ತದೆ, ತಲೆಗಲ್ಲ. ಅದಕ್ಕಿಂತ ಹೆಚ್ಚಿನದೆಂದರೆ, ಎದೆಗೆ ಒತ್ತುವ ಗಾಳಿ ಮುಂದಕ್ಕೆ ಬಾಗಿದ ಮೈಯನ್ನು ಹಿಂದಿನಿಂದ ಹಿಡಿದಂತೆ ಆತುಕೊಂಡು ಕೈಮೇಲಿನ ಭಾರವನ್ನು ಇಳಿಸುತ್ತದೆ. ಹೀಗೆ ಶತ್ರುವೆಂದು ಹೊರಗಟ್ಟಿದ್ದ ಗಾಳಿಯನ್ನು ಕೂಲಿಯಿಲ್ಲದ ಆಳಾಗಿ ಮನೆಗೆ ಕರೆದುಕೊಂಡೆ.

ಉಳಿದದ್ದು ಸೀಟು. ಇಲ್ಲಿ ಮೇಸ್ತ್ರಿಯವರ ಮಾತು ಕೇಳದೆ ಕೆಟ್ಟೆ. ಕುಶನ್ ಕೆಲಸದ ಅಂಗಡಿಯಲ್ಲಿ ನಾಲ್ಕಾರು ತರದ ಫೋಮನ್ನು ಒತ್ತಿ ನೋಡಿ, ಹೂವಿನಂತಿದ್ದುದನ್ನು ಆರಿಸಿದೆ. ಅಂಗಡಿಯ ಬೆಂಚಿನ ಮೇಲೆ ಅದು ಸ್ವರ್ಗ. ಹೊಸ ಸೀಟಿನಲ್ಲಿ ಹೊರಟು ನಲವತ್ತು ಕಿಲೋಮೀಟರ್ ಹೋಗುವುದರೊಳಗೆ ಆ ಹೂವು ಅಪ್ಪಚ್ಚಿಯಾಗಿ, ಕೆಳಗಿನ ಗಟ್ಟಿ ಹಲಗೆಯ ಮೇಲೆಯೇ ಕುಳಿತಂತಾಯಿತು. ಕುಳಿತಾಗ ಮೈಭಾರವನ್ನು ಹೊರುವುವು ಪೃಷ್ಠದ ಎರಡು ಮೂಳೆಗಳು. ಅವುಗಳ ಕೆಳಗೆ ಮೆತ್ತೆ ಸೋತುಬಿಟ್ಟರೆ ಎಲ್ಲ ಒತ್ತಡವೂ ಆ ಎರಡೇ ಬಿಂದುಗಳಿಗೆ. ಮತ್ತೆ ಬಿಚ್ಚಿಸಿ, ಒತ್ತಿದರೆ ಮೊಂಡುತನ ತೋರುವ ಬಿಗಿಯಾದ ಫೋಮನ್ನು ಹಾಕಿಸಿ, ಮುಂದಿನ ಇಳಿಜಾರನ್ನು ತುಂಬಿಸಿ ಸಮಮಾಡಿಸಿ, ಕುಳಿತುಕೊಳ್ಳುವೆಡೆ ಅಗಲಿಸಿ, ಕಾಲು ನೆಲ ಮುಟ್ಟುವಂತೆ ಮೂತಿಯನ್ನು ಕಿರಿದುಮಾಡಿಸಿದೆ. ಅಂಗಡಿಯವರು ನಕ್ಕು, "ಎಲ್ಲರೂ ಮೊದಲು ಮೆತ್ತಗಿರೋದೇ ಕೇಳೋದು ಸಾರ್, ಎರಡನೇ ಸಲ ಗಟ್ಟಿ ಕೇಳ್ತಾರೆ" ಎಂದರು. ಪತಂಜಲಿ ಮುನಿ ಆಸನದ ಲಕ್ಷಣ ಹೇಳುವಾಗ ಸುಖದೊಡನೆ ಸ್ಥಿರತೆಯನ್ನೂ ಸೇರಿಸಿ, ಸ್ಥಿರತೆಯನ್ನೇ ಮೊದಲು ಇಟ್ಟಿದ್ದಾನೆ. ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆ. ಅಷ್ಟು ದಿನ ಅದು ನಾಲಗೆಯ ಮೇಲಿತ್ತು, ಅಂದು ಅಸ್ಥಿಗೆ ಮುಟ್ಟಿತು.

ಇಷ್ಟಾದ ಮೇಲೂ ಸ್ವಲ್ಪ ನೋವು ಉಳಿದಿತ್ತು, ಮತ್ತು ಅದಕ್ಕೆ ಆ ಬೆಂಗಳೂರಿನ ತರುಣ ಹೊಣೆಯಲ್ಲ. ನಾನು ಹ್ಯಾಂಡಲನ್ನು ಬಾವಿಗೆ ಬಿದ್ದವನು ಹಗ್ಗ ಹಿಡಿದಂತೆ ಹಿಡಿಯುತ್ತಿದ್ದೆ. ತಂದೆ ಹೇಗೆ ಹಿಡಿಯುತ್ತಿದ್ದರೆಂದು ನೆನೆಯಲು ಯತ್ನಿಸಿದೆ. ಟ್ಯಾಂಕಿನ ಮೇಲೆ ಕುಳಿತ ನನ್ನ ಎರಡು ಕಡೆಯೂ ಇದ್ದ ಆ ತೋಳುಗಳು ಮೊಳಕೈಯಲ್ಲಿ ತುಸು ಮಡಿದಿದ್ದುವು, ಸಡಿಲವಾಗಿದ್ದುವು. ಬೆನ್ನಿಗೆ ತಗಲುತ್ತಿದ್ದ ಎದೆ ತನ್ನ ಭಾರವನ್ನು ತಾನೇ ಹೊತ್ತುಕೊಂಡಿತ್ತು. ಮೊಣಕಾಲುಗಳು ಮಾತ್ರ ಟ್ಯಾಂಕನ್ನು ಎರಡು ಕಡೆಯಿಂದ ಅಪ್ಪಿದ್ದುವು. ಹಾಗೆಯೇ ಮಾಡಿದೆ. ಹಿಡಿತ ಮೊಣಕಾಲಿಗೆ ಇಳಿಯಿತು, ಕೈ ಹಗುರವಾಯಿತು. ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ ಹತ್ತು ಹೆಜ್ಜೆ ನಡೆಯುವುದನ್ನು ರೂಢಿಮಾಡಿಕೊಂಡೆ. ಅಕ್ಟೋಬರಿನ ಒಂದು ಸೋಮವಾರ ಕರಿಹಲಗೆಯ ತುಂಬ ಬರೆದು ಹಿಂದಿರುಗಿ ನೋಡಿದಾಗ ಸಾಲುಗಳು ನೆಟ್ಟಗಿದ್ದುವು. ಕಿರುಬೆರಳ ತುದಿಗೆ ಸುಣ್ಣದ ಪುಡಿ ಹತ್ತಿತ್ತು, ಅದು ತರಿತರಿಯಾಗಿರುವುದು ನನಗೆ ತಿಳಿಯುತ್ತಿತ್ತು.

ಅಲ್ಯೂಮಿನಿಯಂ ತುಂಡುಗಳು ಈಗ ನನ್ನ ಮೇಜಿನ ಮೇಲಿವೆ. ಉತ್ತರಪತ್ರಿಕೆಗಳು ಫ್ಯಾನಿನ ಗಾಳಿಗೆ ಹಾರದಂತೆ ನೋಡಿಕೊಳ್ಳುತ್ತವೆ.

ದೀಪಾವಳಿಯ ಮರುದಿನ ಹೊಳೆನರಸೀಪುರದ ನೆಂಟರಲ್ಲಿಗೆ ಹೋಗಬೇಕಾಗಿತ್ತು. ನಾನೇನೂ ಕೇಳಲಿಲ್ಲ. ಹೆಂಡತಿ ತಾನಾಗಿಯೇ ಹೆಲ್ಮೆಟ್ ಹಿಡಿದು ಹೊರಗೆ ಬಂದು, ಗಾಡಿಯ ಪಕ್ಕದಲ್ಲಿ ನಿಂತು, "ನಾನು ಹತ್ತೋದಾದರೆ ಹಿಂದುಗಡೆ ಅದೇನೋ ತಿರುಗಿಸಬೇಕು ಅಂದಿದ್ದಿರಲ್ಲ, ತಿರುಗಿಸಿ" ಎಂದಳು. ಸ್ಪ್ಯಾನರ್ ತಂದು ಬಳೆಯನ್ನು ಎರಡು ಮೆಟ್ಟಿಲು ಏರಿಸಿದೆ. ತಾಯಿ ಬಾಗಿಲಲ್ಲಿ ನಿಂತು, "ನಿಧಾನವಾಗಿ ಹೋಗು ಮಗು" ಎಂದರು. ತಂದೆಗೂ ಪ್ರತಿದಿನ ಇದನ್ನೇ ಹೇಳುತ್ತಿದ್ದರು, ಬಹುವಚನದಲ್ಲಿ. ಬಿಳಿಕೆರೆ ದಾಟಿತು. ಕೃಷ್ಣರಾಜನಗರದ ಬಸ್ ನಿಲ್ದಾಣದ ಮುಂದೆ ಬೇಕೆಂದೇ ವೇಗ ತಗ್ಗಿಸಿದೆ. ಹಿಂದಿನಿಂದ ಏನೂ ಮಾತಿಲ್ಲ. ಭೇರ್ಯದ ಬಳಿ ಮಾತ್ರ ಭುಜ ತಟ್ಟಿ ನಿಲ್ಲಿಸೆಂದಳು. ಬೆನ್ನು ನೋಯುತ್ತಿದೆಯೇ ಎಂದೆ.

"ಇಲ್ಲ, ಕಾಫಿ" ಎಂದಳು.