ಆಷಾಢದ ಮೋಡಕ್ಕೆ ಎಷ್ಟು ವ್ಯಾಟ್?

ಪ್ರಶ್ನೆ: ಕಳಸದ ಬಳಿ ತೋಟದ ಮನೆ. ಮಳೆಗಾಲದಲ್ಲಿ ಮರ ಬಿದ್ದರೆ ಕರೆಂಟ್ ಬರುವುದು ಯಾವಾಗಲೋ. ರೂಟರ್, ಲ್ಯಾಪ್‌ಟಾಪ್, ಮೊಬೈಲು, ನಾಲ್ಕು ಬಲ್ಬಿಗೆ ಸೋಲಾರ್ ಎಷ್ಟು ಬೇಕು?

ಉತ್ತರ: ಮೊದಲು ಖರ್ಚು ಲೆಕ್ಕ ಹಾಕಿ. 10 ವ್ಯಾಟಿನ ರೂಟರ್ ದಿನವಿಡೀ ಉರಿದರೆ 240 ವ್ಯಾಟ್-ಅವರ್. ಲ್ಯಾಪ್‌ಟಾಪ್ ನಾಲ್ಕು ಗಂಟೆಗೆ 200, ಒಂಬತ್ತು ವ್ಯಾಟಿನ ನಾಲ್ಕು ಎಲ್‌ಇಡಿ ಐದು ಗಂಟೆಗೆ 180, ಮೊಬೈಲಿಗೆ 30. ಒಟ್ಟು 650, ಇನ್ವರ್ಟರ್, ವೈರು ತಿನ್ನುವುದನ್ನೂ ಸೇರಿಸಿ 800 ಎನ್ನಿ. ಸದ್ದಿಲ್ಲದೆ ಹೆಚ್ಚು ತಿನ್ನುವುದು ಆ ಪುಟ್ಟ ರೂಟರ್! ರಾತ್ರಿ ಆರಿಸಿಬಿಡಿ.

ಮಾರ್ಚ್‌ನಲ್ಲಿ ದಿನಕ್ಕೆ ಐದು ಗಂಟೆಯಷ್ಟು ಪೂರ್ಣ ಬಿಸಿಲು ಸಿಕ್ಕರೆ 160 ವ್ಯಾಟ್ ಪ್ಯಾನೆಲ್ ಸಾಕು. ಅಂಗಡಿಯವರು ಹೇಳುವುದೂ ಈ ಲೆಕ್ಕವನ್ನೇ. ಆದರೆ ನಿಮಗೆ ಬೇಕಾಗಿರುವುದು ಜುಲೈನಲ್ಲಿ. ಆಗ ಎರಡು ಗಂಟೆಯಷ್ಟು ಸಿಕ್ಕಿದರೆ ಪುಣ್ಯ. ಹಾಗಾಗಿ 400 ವ್ಯಾಟ್ ಹಾಕಿಸಿ. ಬ್ಯಾಟರಿ 12 ವೋಲ್ಟ್, 150 ಎಎಚ್‌ನದು. ಅದರಲ್ಲಿರುವುದು 1800 ವ್ಯಾಟ್-ಅವರ್. ಸೀಸ-ಆಮ್ಲದ್ದಾದರೆ ಅರ್ಧಕ್ಕಿಂತ ಹೆಚ್ಚು ಬಳಸಿದಷ್ಟೂ ಆಯುಸ್ಸು ಕಡಿಮೆ. ಅಂದರೆ ಬಿಸಿಲಿಲ್ಲದೆ ಒಂದು ದಿನದ ಆಸರೆ.

ಸಿಲ್ವರ್ ಓಕ್ ನೆರಳು ಒಂದು ಮೂಲೆಗೆ ಬಿದ್ದರೂ ಇಡೀ ಪ್ಯಾನೆಲ್ಲಿನ ಉತ್ಪಾದನೆ ಕುಸಿಯುತ್ತದೆ. ಹೆಂಚಿನ ಮಾಡಿಗಿಂತ ಕಾಫಿ ಕಣದ ಅಂಚು ವಾಸಿ. ದಕ್ಷಿಣಕ್ಕೆ ಮುಖ, 15 ಡಿಗ್ರಿ ಓರೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಮರೆಯಬೇಡಿ.

ತೋಟದಲ್ಲಿ ವರ್ಷದ ಬಹುಪಾಲು ಹರಿಯುವ ಹಳ್ಳವಿದ್ದರೆ ಮಾತ್ರ ನನ್ನ ಸಲಹೆ ಬೇರೆ: ಹರಿವ ನೀರಿನಿಂದ ಕರೆಂಟ್ ತೆಗೆಯುವ ಪುಟ್ಟ ಘಟಕ, ಪಿಕೊ ಹೈಡ್ರೊ ವಿಚಾರಿಸಿ. ಮಲೆನಾಡಿನ ಹಲವು ಒಂಟಿಮನೆಗಳು ಇದರಲ್ಲೇ ದೀಪ ಉರಿಸಿವೆ. ಸೂರ್ಯ ಮುಖ ಮರೆಸಿಕೊಂಡಾಗಲೇ ಅದಕ್ಕೆ ಹೆಚ್ಚು ಶಕ್ತಿ.