ಕಾಯಕ ನಿಂತಾಗ ಕೈಬಿಡುವ ವಿಮೆ

ಹನ್ನೆರಡನೆಯ ಶತಮಾನದ ಶರಣರು ಕಾಯವನ್ನು ತುಚ್ಛವೆಂದು ಕಂಡವರಲ್ಲ. ಕಾಯದಿಂದ ನಡೆಯುವ ಸತ್ಯಶುದ್ಧವಾದ ದುಡಿಮೆಗೆ ಅವರು ಕಾಯಕವೆಂದು ಹೆಸರಿಟ್ಟರು. ಆ ದುಡಿಮೆಯ ಫಲವನ್ನು ಸಮಾಜಕ್ಕೆ ಸಮರ್ಪಿಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದನ್ನು ದಾಸೋಹವೆಂದು ಕರೆದರು. ಇವೆರಡೂ ಒಂದನ್ನೊಂದು ಬಿಟ್ಟಿರಲಾರವು. ಹಾಗಾದರೆ ಕಾಯವೇ ಕೆಟ್ಟು ಕಾಯಕ ನಿಂತವನ ಗತಿಯೇನು? ದುಡಿಯಲಾರದವನನ್ನು ದುಡಿಯಬಲ್ಲವರ ದಾಸೋಹವು ಎತ್ತಿ ಹಿಡಿಯಬೇಕೆಂಬುದೇ ಶರಣಧರ್ಮದ ಉತ್ತರ.

ಇಂದಿನ ಸಂಬಳದ ಬದುಕಿನಲ್ಲಿ ಈ ಕ್ರಮವು ತಲೆಕೆಳಗಾಗಿದೆ. ನಮ್ಮ ಮನೆಗಳ ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದುಗಳ ಖಾಸಗಿ ಕಂಪನಿಗಳಲ್ಲಿ ಉದ್ಯೋಗಿಗಳಾಗಿದ್ದಾರೆ. ಅವರಿಗೂ ಅವರ ಹೆಂಡತಿ ಮಕ್ಕಳಿಗೂ, ಕೆಲವೆಡೆ ತಂದೆತಾಯಿಗಳಿಗೂ, ಕಂಪನಿಯೇ ಆರೋಗ್ಯ ವಿಮೆ ಮಾಡಿಸಿಕೊಡುತ್ತದೆ. ಇದನ್ನು ನಂಬಿ ಕುಟುಂಬಗಳು ನಿಶ್ಚಿಂತವಾಗಿವೆ. ಆದರೆ ಈ ವಿಮೆಯು ಉದ್ಯೋಗಕ್ಕೆ ಕಟ್ಟಿದ್ದು. ಕಾಯಿಲೆಯಿಂದ ಉದ್ಯೋಗ ಹೋದರೆ ಅದರೊಡನೆ ವಿಮೆಯೂ ಹೋಗುತ್ತದೆ. ಆಸರೆ ಅತ್ಯವಶ್ಯವಾದ ಗಳಿಗೆಯಲ್ಲಿಯೇ ಅದು ಕೈಬಿಡುತ್ತದೆ. ಕ್ಯಾನ್ಸರ್ ರೋಗದಲ್ಲಿ ಈ ಸಂಕಟವು ಅತ್ಯಂತ ತೀವ್ರವಾದುದರಿಂದ ಆ ಕುರಿತು ಶರಣ ಬಂಧುಗಳ ಗಮನ ಸೆಳೆಯುವುದು ಈ ಲೇಖನದ ಉದ್ದೇಶ.

ರೋಗದ ಅವಧಿ, ವಿಮೆಯ ಅವಧಿ

ಕಂಪನಿಯ ಸಮೂಹ ವಿಮೆಯು ಕಂಪನಿಗೂ ವಿಮಾಸಂಸ್ಥೆಗೂ ನಡುವೆ ಸಾಮಾನ್ಯವಾಗಿ ಒಂದು ವರ್ಷಕ್ಕೆ ಆಗುವ ಕರಾರು. ನೌಕರನು ಅದರಲ್ಲಿ ಕರಾರುದಾರನಲ್ಲ. ಪಟ್ಟಿಯಲ್ಲಿರುವ ಒಂದು ಹೆಸರು ಮಾತ್ರ. ಉದ್ಯೋಗ ಮುಗಿದಾಗ ಹೆಸರು ಪಟ್ಟಿಯಿಂದ ಹೊರಬೀಳುತ್ತದೆ. ಅವನನ್ನು ನೆಚ್ಚಿದ್ದ ಮನೆಯವರ ಹೆಸರುಗಳೂ ಹೊರಬೀಳುತ್ತವೆ.

ಕ್ಯಾನ್ಸರ್ ಚಿಕಿತ್ಸೆಯು ಹೀಗೆ ದಿನಾಂಕ ನೋಡಿ ಮುಗಿಯುವಂಥದಲ್ಲ. ಕೀಮೋಥೆರಪಿಯನ್ನು ಅನೇಕ ವೇಳೆ ಎರಡು ಮೂರು ವಾರಗಳ ಅಂತರದಲ್ಲಿ ಹಲವು ಸುತ್ತುಗಳಾಗಿ ತಿಂಗಳುಗಟ್ಟಲೆ ಕೊಡುತ್ತಾರೆ. ವಿಕಿರಣ ಚಿಕಿತ್ಸೆ ಬೇಕಾದವರು ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಕೆಲವು ವಾರ ಆಸ್ಪತ್ರೆಗೆ ಹೋಗಬೇಕು. ಕೆಲವು ಬಗೆಯ ಸ್ತನ ಕ್ಯಾನ್ಸರಿನಲ್ಲಿ ಮಾತ್ರೆಗಳನ್ನು 5ರಿಂದ 10 ವರ್ಷ ಸೇವಿಸಬೇಕಾಗುತ್ತದೆ. ರಜೆ ಮುಗಿಯುವುದು ಮೊದಲು, ಚಿಕಿತ್ಸೆ ಮುಗಿಯುವುದು ಆಮೇಲೆ. ಈ ಎರಡರ ನಡುವಣ ಕಂದರದಲ್ಲಿ ಕುಟುಂಬಗಳು ಬೀಳುತ್ತಿವೆ.

ಮಧ್ಯ ಕರ್ನಾಟಕದ ಒಂದು ಮನೆತನದ ನಿದರ್ಶನವನ್ನು ಹೇಳುವುದು ಇಲ್ಲಿ ಅವಶ್ಯ. ಆ ಮನೆಯ ಹಿರಿಯ ಮಗನು ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿದ್ದ. ದುಗ್ಧಗ್ರಂಥಿಗಳ ಕ್ಯಾನ್ಸರ್ ಕಾಣಿಸಿಕೊಂಡಾಗ ವೈದ್ಯರು ಮೂರು ವಾರಕ್ಕೊಮ್ಮೆ ಆರು ಸುತ್ತು ಕೀಮೋಥೆರಪಿ ವಿಧಿಸಿದರು. ಮೂರು ಸುತ್ತುಗಳ ಖರ್ಚನ್ನು ವಿಮೆಯೇ ಭರಿಸಿತು. ಅಷ್ಟರಲ್ಲಿ ರಜೆ ತೀರಿತು. ಮೇಲಧಿಕಾರಿಗಳು ಮೆಲುದನಿಯಲ್ಲಿ ರಾಜೀನಾಮೆಯ ಮಾತೆತ್ತಿದರು. ಕೆಲಸ ಮಾಡದೆ ಸಂಬಳದ ಪಟ್ಟಿಯಲ್ಲಿರುವುದು ಮರ್ಯಾದೆಯಲ್ಲವೆಂದು ಹುಡುಗ ಅಂದೇ ಬರೆದುಕೊಟ್ಟ. ನಾಲ್ಕನೆಯ ಸುತ್ತಿಗೆ ಹೋದಾಗ ಆಸ್ಪತ್ರೆಯ ವಿಮಾ ವಿಭಾಗದವರು, "ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ" ಎಂದರು. ಹಣ ಹೊಂದಿಸುವಷ್ಟರಲ್ಲಿ ಚಿಕಿತ್ಸೆ ಏಳು ವಾರ ತಡವಾಯಿತು. ಸೊಸೆಯ ಒಡವೆಗಳು ಅಡವಿಗೆ ಹೋದವು. ಅಡಿಕೆ ತೋಟದ ಅರ್ಧ ಭಾಗ ಪರರ ಪಾಲಾಯಿತು. ಹುಡುಗ ಬದುಕಿದ್ದಾನೆ, ಅದು ಶಿವಕೃಪೆ. ಇಷ್ಟೆಲ್ಲ ನಡೆದುದು ಊರಿಗಾಗಲಿ ಮಠಕ್ಕಾಗಲಿ ಒಂದು ವರ್ಷ ತಿಳಿದಿರಲಿಲ್ಲ. ಕೇಳಿದಾಗ ತಂದೆ ಹೇಳಿದ ಮಾತಿದು: "ಗುರುಗಳೇ, ಮಗಳ ಲಗ್ನ ಆಗಬೇಕಿತ್ತು. ಮನೆಯಲ್ಲಿ ಇಂಥ ರೋಗ ಅಂತ ಹೇಗೆ ಬಾಯಿ ಬಿಡೋಣ?"

ಇಲ್ಲಿ ರೋಗಕ್ಕಿಂತ ಹೆಚ್ಚು ಹಾನಿ ಮಾಡಿದವು ಎರಡು: ಅವಸರದ ರಾಜೀನಾಮೆ ಮತ್ತು ಬಚ್ಚಿಟ್ಟ ಮೌನ. ಕ್ಯಾನ್ಸರ್ ಅಂಟುರೋಗವಲ್ಲ; ಪಾಪದ ಫಲವೂ ಅಲ್ಲ. ಅದರ ಹೆಸರೆತ್ತಲು ನಾಚುವ ಕುಟುಂಬವು ಸಿಗಬಹುದಾದ ಸಹಾಯವನ್ನೆಲ್ಲ ತಾನಾಗಿಯೇ ದೂರ ತಳ್ಳುತ್ತದೆ.

ರಾಜೀನಾಮೆಗೆ ಮುನ್ನ

ಆದ್ದರಿಂದ ರೋಗ ನಿಶ್ಚಯವಾದ ವಾರದಲ್ಲಿಯೇ ಮನೆಯಲ್ಲೊಬ್ಬರು ವೈದ್ಯರ ಕಾಗದಗಳಂತೆಯೇ ವಿಮೆಯ ಕಾಗದಗಳನ್ನೂ ಓದತಕ್ಕದ್ದು. ಪಾಲಿಸಿ ಯಾವ ಸಂಸ್ಥೆಯದು, ಯಾವ ದಿನಾಂಕಕ್ಕೆ ಮುಗಿಯುತ್ತದೆ, ವರ್ಷಕ್ಕೆ ಎಷ್ಟು ಮೊತ್ತ, ಅದರಲ್ಲಿ ಬಳಕೆಯಾದುದೆಷ್ಟು ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಕೆಲಸಕ್ಕೆ ಹೋಗಲಾರದ ಸ್ಥಿತಿ ಬಂದರೆ ರಾಜೀನಾಮೆ ಕೊಡುವ ಮೊದಲು ಸಂಬಳರಹಿತ ರಜೆಯನ್ನಾದರೂ ಕೋರಿ ಅರ್ಜಿ ಸಲ್ಲಿಸಬೇಕು. ಆ ರಜೆಯಲ್ಲಿ ವಿಮೆ ಮುಂದುವರಿಯುವುದೇ ಎಂಬುದಕ್ಕೆ ಲಿಖಿತ ಉತ್ತರ ಪಡೆಯಬೇಕು. ಬಾಯಿಮಾತು ಆಸ್ಪತ್ರೆಯ ಕಿಟಕಿಯಲ್ಲಿ ನಡೆಯುವುದಿಲ್ಲ.

ಕೆಲಸ ಬಿಡುವುದು ಅನಿವಾರ್ಯವಾದರೆ, ಸಮೂಹ ವಿಮೆಯಿಂದ ಅದೇ ವಿಮಾಸಂಸ್ಥೆಯ ವೈಯಕ್ತಿಕ ಇಲ್ಲವೆ ಕುಟುಂಬ ಪಾಲಿಸಿಗೆ ಬದಲಾಗಲು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮಗಳಲ್ಲಿ ಅವಕಾಶವಿದೆ. ಅರ್ಜಿಯನ್ನು ಹೆಸರು ಪಟ್ಟಿಯಿಂದ ಹೋಗುವ ಮೊದಲೇ ಸಲ್ಲಿಸಬೇಕು; ನಡುವೆ ಬಿಡುವು ಬಿದ್ದರೆ ಹಿಂದಿನ ವರ್ಷಗಳ ಲೆಕ್ಕ ಕೈತಪ್ಪುವ ಭಯವಿದೆ. ಆದರೆ ಒಂದು ಕಟುಸತ್ಯವನ್ನೂ ಅರಿತಿರಬೇಕು. ಸಮೂಹ ವಿಮೆಯಿಂದ ಬರುವವರ ಆರೋಗ್ಯಸ್ಥಿತಿಯನ್ನು ವಿಮಾಸಂಸ್ಥೆ ಪರಿಶೀಲಿಸಬಹುದು. ಚಿಕಿತ್ಸೆಯ ನಡುವೆ ಇರುವವರಿಗೆ ಈ ಬಾಗಿಲು ಸುಲಭವಾಗಿ ತೆರೆಯದು. ಆದರೂ ಅರ್ಜಿ ಹಾಕದೆ ಬಿಡಬಾರದು. ಸಲ್ಲಬೇಕಾದ ಹಣವನ್ನು ವಿಮಾಸಂಸ್ಥೆ ಅನ್ಯಾಯವಾಗಿ ನಿರಾಕರಿಸಿದರೆ ಮೊದಲು ಅದಕ್ಕೇ ಲಿಖಿತ ದೂರು ಕೊಟ್ಟು, ಪರಿಹಾರ ಸಿಗದಿದ್ದಲ್ಲಿ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಕಡಿಮೆ ಸಂಬಳದವರಿಗೆ ಕಾರ್ಮಿಕರ ರಾಜ್ಯ ವಿಮೆಯ, ಎಂದರೆ ಇ.ಎಸ್.ಐ.ನ ಆಸರೆಯಿದೆ. 1948ರ ಕಾಯಿದೆಯಿಂದ ಹುಟ್ಟಿ 1952ರಲ್ಲಿ ಕಾರ್ಯಾರಂಭ ಮಾಡಿದ ಈ ವ್ಯವಸ್ಥೆಯ ವೇತನಮಿತಿಯನ್ನು 2017ರ ಜನವರಿ 1ರಿಂದ ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇಕಡಾ 70ರಷ್ಟು ದೊರೆಯುತ್ತದೆ. ಎರಡು ವರ್ಷ ವಿಮೆಯಲ್ಲಿದ್ದು ನಿಗದಿತ ದಿನಗಳ ವಂತಿಗೆ ಸಲ್ಲಿಸಿದವರಿಗೆ ಕ್ಯಾನ್ಸರಿನಂಥ ದೀರ್ಘ ರೋಗಗಳಲ್ಲಿ ಶೇಕಡಾ 80ರ ದರದಲ್ಲಿ ಎರಡು ವರ್ಷದವರೆಗೂ ನೆರವು ವಿಸ್ತರಿಸುತ್ತದೆ. ಇಲ್ಲಿ ಕೆಲಸ ಬಿಟ್ಟ ದಿನವೇ ಹಕ್ಕು ಅಳಿಯುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಪ್ರಯೋಜನ ಸಲ್ಲುತ್ತದೆ. ಗಾರ್ಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಅಕ್ಕತಂಗಿಯರು ಇದನ್ನು ತಿಳಿದಿರುವುದು ಮೇಲು. ವಂತಿಗೆ ಕೊಟ್ಟು ಹಕ್ಕನ್ನು ಅರಿಯದಿರುವುದು ಬಾವಿ ತೋಡಿ ಬಾಯಾರಿದಂತೆ.

ಮಕ್ಕಳನ್ನು ಅಮೆರಿಕೆಗೆ ಕಳುಹಿಸಿದ ಮನೆಗಳೂ ನಮ್ಮಲ್ಲಿ ಕಡಿಮೆಯಿಲ್ಲ. ಅಲ್ಲಿಯೂ ಅನೇಕರ ವಿಮೆ ಉದ್ಯೋಗಕ್ಕೇ ಅಂಟಿಕೊಂಡಿದೆ. ಆದರೆ 1986ರಲ್ಲಿ ಜಾರಿಗೆ ಬಂದ ಕೋಬ್ರಾ ಎಂಬ ಕಾಯಿದೆಯ ಮೇರೆಗೆ, 20 ಅಥವಾ ಹೆಚ್ಚು ನೌಕರರಿರುವ ಕಂಪನಿಯಿಂದ ಕೆಲಸ ಕಳೆದುಕೊಂಡವರು ಅದೇ ಸಮೂಹ ವಿಮೆಯಲ್ಲಿ ಸಾಮಾನ್ಯವಾಗಿ 18 ತಿಂಗಳು ಉಳಿಯಬಹುದು. ಕಂತಿನ ಪೂರ್ಣ ಹಣವನ್ನೂ ಅದರ ಮೇಲೆ ಶೇಕಡಾ 2ರವರೆಗೆ ವೆಚ್ಚವನ್ನೂ ತಾವೇ ತೆರಬೇಕು. ಇಚ್ಛೆಯನ್ನು ತಿಳಿಸಲು 60 ದಿನಗಳ ಗಡುವಿದೆ. 2014ರಿಂದ ಅಲ್ಲಿಯ ವಿಮಾ ಮಾರುಕಟ್ಟೆಯಲ್ಲಿ, ಮೊದಲೇ ರೋಗವಿದೆಯೆಂಬ ಕಾರಣಕ್ಕೆ ಹೊಸ ಪಾಲಿಸಿ ನಿರಾಕರಿಸುವಂತಿಲ್ಲ. ಕಂತು ದುಬಾರಿಯಾದರೂ ಬಾಗಿಲು ಮುಚ್ಚಿಲ್ಲ. ಕೆಲಸ ಬಿಟ್ಟವನು ತನ್ನ ಹಣದಿಂದಲೇ ಅದೇ ಸಮೂಹ ವಿಮೆಯಲ್ಲಿ ಚಿಕಿತ್ಸೆ ಮುಗಿಯುವವರೆಗಾದರೂ ಉಳಿಯುವ ಇಂಥ ಹಕ್ಕು ನಮ್ಮ ದೇಶದ ಕಂಪನಿ ನೌಕರರಿಗೂ ದೊರೆಯಬೇಕು. ಸಮಾಜದ ಶಾಸಕರೂ ಸಂಸದರೂ ಈ ಬಗ್ಗೆ ದನಿಯೆತ್ತುವುದು ಅವರ ಕರ್ತವ್ಯ.

ಉಳಿದಿರುವ ದಾರಿಗಳು

ವಿಮೆ ಹೋದ ಮಾತ್ರಕ್ಕೆ ಚಿಕಿತ್ಸೆ ನಿಲ್ಲಿಸಕೂಡದು. 1973ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು ಸರ್ಕಾರದ್ದು. ಖಾಸಗಿ ಆಸ್ಪತ್ರೆಯಲ್ಲಿ ಆರಂಭಿಸಿದ ಚಿಕಿತ್ಸೆಯ ದಾಖಲೆಗಳೊಡನೆ ಅಲ್ಲಿಗೆ ಹೋಗಿ ಮುಂದುವರಿಸುವ ಬಗ್ಗೆ ವೈದ್ಯರಲ್ಲಿ ವಿಚಾರಿಸಬಹುದು. ಕಲಬುರಗಿಯಲ್ಲಿ ಅದರ ಶಾಖೆಯಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆ ಲಭ್ಯ. ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ದರದ ಶೇಕಡಾ 30ರಷ್ಟು ನೆರವು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ ದೊರೆಯುತ್ತದೆ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಮೊದಲೇ ಪಡೆಯಬೇಕು. ಸಹಕಾರ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಕಾರ್ಯಾರಂಭ ಮಾಡಿದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು, 2023ರ ಜನವರಿಯಿಂದ ಮರಳಿ ನಡೆದಿದೆ. ಊರಿನ ಸೊಸೈಟಿಯಲ್ಲಿ ಹೆಸರು ನೋಂದಾಯಿಸುವುದು ಆರೋಗ್ಯವಾಗಿರುವಾಗಲೇ ಆಗಬೇಕಾದ ಕೆಲಸ. ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೂ ಜೊತೆಗಾರರೊಬ್ಬರಿಗೂ ರೈಲಿನಲ್ಲಿ ರಿಯಾಯಿತಿಯಿದೆ. ಆಸ್ಪತ್ರೆಯ ಪ್ರಮಾಣಪತ್ರ ತೋರಿಸಬೇಕು.

ವಿಮೆಯು ಸಂಗ್ರಹವೇ?

"ನಾಳಿನ ಚಿಂತೆ ಶರಣನಿಗೇಕೆ? ವಿಮೆ ಮಾಡಿಸುವುದು ಕೂಡಿಡುವ ಬುದ್ಧಿಯಲ್ಲವೆ?" ಎಂದು ಕೆಲವು ಸದ್ಭಕ್ತರು ಕೇಳುವುದುಂಟು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನವರು ಒಂದು ದಿನ ಹೆಚ್ಚಾಗಿ ತಂದಾಗ, ಹೆಂಡತಿ ಲಕ್ಕಮ್ಮನವರು ಹೆಚ್ಚಿನದನ್ನು ಹಿಂದಿರುಗಿಸಲು ಹೇಳಿದ ಪ್ರಸಂಗವನ್ನು ಅವರು ನೆನಪಿಸುತ್ತಾರೆ. ಪ್ರಶ್ನೆ ಪ್ರಾಮಾಣಿಕವಾದುದು, ಉತ್ತರವೂ ಹಾಗೆಯೇ ಇರಬೇಕು.

ಲಕ್ಕಮ್ಮನವರು ನಿರಾಕರಿಸಿದ್ದು ಪರರ ಪಾಲನ್ನು ತನ್ನದಾಗಿಸುವ ಆಸೆಯನ್ನು. ವಿಮೆಯ ಕಂತು ನಮ್ಮ ಪೆಟ್ಟಿಗೆಯಲ್ಲಿ ಉಳಿಯುವುದಿಲ್ಲ. ನಾವು ಆರೋಗ್ಯವಾಗಿದ್ದರೆ ಆ ಹಣ ಮರಳಿ ಬಾರದು. ಎಲ್ಲಿಯೋ ಮಲಗಿರುವ, ನಾವು ಕಾಣದ ರೋಗಿಯೊಬ್ಬನ ಔಷಧಿಗೆ ಅದು ಒದಗುತ್ತದೆ. ಮುಂದೊಂದು ದಿನ ನಾವು ಮಲಗಿದರೆ ಕಾಣದ ಜನರ ಹಣ ನಮಗೊದಗುತ್ತದೆ. ವ್ಯಾಪಾರದ ವೇಷದಲ್ಲಿದ್ದರೂ ಇದರ ತಿರುಳು ದಾಸೋಹಕ್ಕೆ ಹತ್ತಿರದ್ದು. ಆದಕಾರಣ ಕಂಪನಿಯ ವಿಮೆಯಿದ್ದರೂ, ಶಕ್ತಿಯಿದ್ದಷ್ಟು ಚಿಕ್ಕದಾದರೂ ಸರಿ, ಉದ್ಯೋಗಕ್ಕೆ ಅಂಟದ ಸ್ವಂತ ಕುಟುಂಬ ಪಾಲಿಸಿಯೊಂದನ್ನು ಆರೋಗ್ಯವಿರುವಾಗಲೇ ಮಾಡಿಸಿ ನಡೆಸಿಕೊಂಡು ಬರುವುದು ಗೃಹಸ್ಥಧರ್ಮವೇ ಸರಿ. 2024ರ ನಿಯಮಗಳ ಪ್ರಕಾರ, ಮೊದಲೇ ಇದ್ದ ಕಾಯಿಲೆಗೆ ವಿಮಾಸಂಸ್ಥೆ ವಿಧಿಸಬಹುದಾದ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು. ಪಾಲಿಸಿಯು 60 ತಿಂಗಳು ಎಡೆಬಿಡದೆ ನಡೆದ ಮೇಲೆ, ವಂಚನೆ ಸಾಬೀತಾದ ಹೊರತು, ಹಳೆಯ ವಿವರ ಮುಚ್ಚಿಟ್ಟಿರಿ ಎಂಬ ನೆಪದಲ್ಲಿ ಹಣ ನಿರಾಕರಿಸುವಂತಿಲ್ಲ. ಅರ್ಜಿಯಲ್ಲಿ ಇರುವ ರೋಗವನ್ನು ಇದ್ದಂತೆಯೇ ಬರೆಯಬೇಕು. ಸತ್ಯವನ್ನು ನುಡಿಯುವುದು ಶರಣನಿಗೆ ವ್ರತ. ಇಲ್ಲಿ ಅದು ರಕ್ಷಣೆಯೂ ಹೌದು.

ಮಠಗಳಿಗೆ, ಸಮಾಜಕ್ಕೆ ವಿನಂತಿ

ದಾಸೋಹವು ಕಾಲಕ್ಕೆ ತಕ್ಕ ರೂಪ ತಾಳುತ್ತ ಬಂದಿದೆ. ಸಿದ್ಧಗಂಗೆಯಲ್ಲಿ ಡಾ. ಶಿವಕುಮಾರ ಸ್ವಾಮಿಗಳು ಅನ್ನದೊಡನೆ ಅಕ್ಷರವನ್ನೂ ಸಾವಿರಾರು ಬಡಮಕ್ಕಳಿಗೆ ನೀಡಿದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆಯು 2025ರ ಜನವರಿಯಲ್ಲಿ ಕ್ಯಾನ್ಸರ್ ಆಸ್ಪತ್ರೆಯನ್ನು ತೆರೆಯಿತು. ಕಟ್ಟಡಗಳಿವೆ, ಯಂತ್ರಗಳಿವೆ. ಚಿಕಿತ್ಸೆಯ ನಡುವೆ ಕೆಲಸ ಕಳೆದುಕೊಂಡವನು ಅಲ್ಲಿಗೆ ತಲಪುವಂತೆ ಮಾಡುವ ಕೊನೆಯ ಮೆಟ್ಟಿಲು ಮಾತ್ರ ಉಳಿದಿದೆ.

ಪ್ರತಿಯೊಂದು ಮಠ, ಪ್ರತಿಯೊಂದು ಬಸವ ಸಮಿತಿ ಎರಡು ಸಣ್ಣ ಕೆಲಸ ಮಾಡಬಹುದು. ಕಾಗದಪತ್ರ ಬಲ್ಲ ನಿವೃತ್ತ ಬ್ಯಾಂಕ್ ನೌಕರರನ್ನೋ ಶಿಕ್ಷಕರನ್ನೋ ವಾರಕ್ಕೊಂದು ದಿನ ಕೂರಿಸಿ, ಬಂದವರ ಅರ್ಜಿಗಳನ್ನು ತುಂಬಿಕೊಡುವುದು ಒಂದು. ವಿಮೆ ಕಡಿದುಹೋದ ರೋಗಿಯು ಮತ್ತೊಂದು ಆಸರೆ ಹಿಡಿಯುವವರೆಗಿನ ಎರಡು ಮೂರು ತಿಂಗಳ ಔಷಧಿಗಾಗಿ ಒಂದು ನಿಧಿಯನ್ನಿಡುವುದು ಮತ್ತೊಂದು. ಮದುವೆಯ ಮಂಟಪಕ್ಕೆ ಲಕ್ಷಗಟ್ಟಲೆ ಸುರಿಯುವ ಮನೆಗಳು ಅದರ ಹತ್ತರಲ್ಲೊಂದು ಪಾಲನ್ನು ಈ ನಿಧಿಗೆ ಕೊಟ್ಟರೆ ಸಾಕು. ಕೊಟ್ಟವರ ಹೆಸರನ್ನು ಫಲಕದಲ್ಲಿ ಬರೆಸಬಹುದು. ಪಡೆದವರ ಹೆಸರು ಎಲ್ಲಿಯೂ ಬೀಳದಿರಲಿ.

ಎಲ್ಲಕ್ಕೂ ಮೊದಲು, ಓದುಗರು ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ಮಕ್ಕಳಿಗೆ ದೂರವಾಣಿ ಮಾಡಿ ಒಂದೇ ಪ್ರಶ್ನೆ ಕೇಳಲಿ: "ನಿನ್ನ ಕೆಲಸ ನಾಳೆ ಇಲ್ಲದಿದ್ದರೆ ನಿನ್ನ ಮನೆಯವರಿಗೆ ಯಾವ ವಿಮೆ ಉಳಿಯುತ್ತದೆ?" ಉತ್ತರ ಬಾರದಿದ್ದರೆ ಆ ತಿಂಗಳಲ್ಲಿಯೇ ಕ್ರಮ ಕೈಗೊಳ್ಳಲಿ.