ನಿಮಗಿದು ಗೊತ್ತೆ? ತಾಮ್ರ ಸಾಕೆಂದು ಫೈಬರ್‌ಗೇ ಮರಳಿದ ಆಸ್ಟ್ರೇಲಿಯಾ

ಇಂಟರ್ನೆಟ್‌ಗಾಗಿ ಮನೆಮನೆಗೂ ಫೈಬರ್ ಎಳೆಯುವ ದೊಡ್ಡ ಯೋಜನೆಯನ್ನು ಆಸ್ಟ್ರೇಲಿಯಾ 2009ರಲ್ಲೇ ಘೋಷಿಸಿತ್ತು. 2013ರಲ್ಲಿ ಸರ್ಕಾರ ಬದಲಾಗಿ ಮೈತ್ರಿಕೂಟವೊಂದು ಅಧಿಕಾರಕ್ಕೆ ಬಂತು, ಲೆಕ್ಕಾಚಾರವೂ ಬದಲಾಯಿತು. ಖರ್ಚು ಉಳಿಸಲು ಲಕ್ಷಾಂತರ ಮನೆಗಳಿಗೆ ಬೀದಿಯ ಪೆಟ್ಟಿಗೆವರೆಗೆ ಮಾತ್ರ ಫೈಬರ್. ಅಲ್ಲಿಂದಾಚೆಗೆ ಹಳೆಯ ಫೋನಿನ ತಾಮ್ರದ ತಂತಿಯೇ ಸಾಕು ಎಂದಾಯಿತು.

ತೊಡಕಿದ್ದದ್ದು ಆ ಕೊನೆಯ ತುಂಡಿನಲ್ಲೇ. ತಾಮ್ರದಲ್ಲಿ ಸಂಕೇತ ದೂರ ಹೋದಷ್ಟೂ ಸೊರಗುತ್ತದೆ. ಪೆಟ್ಟಿಗೆಯ ಪಕ್ಕದ ಮನೆಗೆ ಸಿಗುವ ವೇಗ ಒಂದು ಕಿ.ಮೀ. ಆಚೆಯ ಮನೆಗೆ ಸಿಗದು. ನೀರಿಳಿದು ಜಾಯಿಂಟಿಗೆ ಕಿಲುಬು ಹಿಡಿದರಂತೂ ಕೇಳುವುದೇ ಬೇಡ. (ಮಳೆಗಾಲದಲ್ಲಿ ನಮ್ಮ ಲ್ಯಾಂಡ್‌ಲೈನ್ ಕರಕರ ಎನ್ನುತ್ತಿದ್ದದ್ದು ನೆನಪಿದೆಯೇ? ಅದೇ ಕಾಯಿಲೆ.) ಫೈಬರ್‌ನ ಗಾಜಿನ ಎಳೆಗೆ ಈ ಕಿಲುಬಿನ ಕಾಟವಿಲ್ಲ. ಬೆಳಕು ಓಡುವ ಅದರ ತಿರುಳು ಸುಮಾರು 9 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ತೆಳು. ಆದರೂ ಹತ್ತಾರು ಕಿ.ಮೀ. ದೂರಕ್ಕೆ ಸಂಕೇತ ಸರಿಯಾಗಿ ತಲುಪುತ್ತದೆ. ಮುಂದೆ ವೇಗ ಹೆಚ್ಚಿಸಲು ಎರಡು ತುದಿಯ ಉಪಕರಣ ಬದಲಿಸಿದರಾಯಿತು, ಎಳೆ ಹಾಗೇ ಉಳಿಯುತ್ತದೆ.

ಕೊನೆಗೆ 2020ರಲ್ಲಿ ಅದೇ ಮೈತ್ರಿಕೂಟದ ಸರ್ಕಾರವೇ 450 ಕೋಟಿ ಆಸ್ಟ್ರೇಲಿಯನ್ ಡಾಲರ್ ವೆಚ್ಚದ ಸುಧಾರಣೆ ಪ್ರಕಟಿಸಿತು. ತಾಮ್ರಕ್ಕೆ ಜೋತುಬಿದ್ದಿದ್ದ ಸುಮಾರು 20 ಲಕ್ಷ ಮನೆಗಳ ಬಾಗಿಲಿಗೆ, ಬೇಕೆಂದವರಿಗೆ ಫೈಬರ್ ಕೊಡುವುದೂ ಅದರಲ್ಲಿತ್ತು.